ಬಾವಿ ಪಿಚ್ಚರ್‌ಗೆ ಬಿದ್ದ ಸಿಳ್ಳೆ

ಹಟ್ಟಿಯಿಂದ ಐ.ಡಿ.ಹಳ್ಳಿಯ ಸಿನಿಮಾ ಟೆಂಟಿಗೆ ಅಡ್ಡದಾರಿಯಲ್ಲಿ ನಡೆದರೆ ಒಂದು ಮೈಲಿ. ಆ ದಾರಿಯನ್ನು ಭೀಮಕ್ಕ ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತಿದ್ದಳು. ಗೊಲ್ಲರ ಹಟ್ಟಿಯಲ್ಲಿ ಹೊರಗಾದ ಹೆಂಗಸರು ಮುಳ್ಳುಬೇಲಿಯ ಒಳಗೆ ಇರುವಂತಿರಲಿಲ್ಲ. ಅವರಿಗೆಂದೇ ಬೇಲಿಯಾಚೆ, ಹುಣಸೆಮರದ ಕೆಳಗೆ ಒಂದು ಗುಡಿಸಲಿತ್ತು. ಮಳೆ ಬಂದರೆ ಸೋರುತ್ತಿತ್ತು, ಬೇಸಿಗೆಯಲ್ಲಿ ಚೇಳು ಬರುತ್ತಿದ್ದವು. ಅದನ್ನು ಯಾರೂ ಸುಖ ಅನ್ನುತ್ತಿರಲಿಲ್ಲ. ಆದರೆ ಅಲ್ಲಿದ್ದಷ್ಟು ದಿನ ರಾಗಿ ಬೀಸುವಂತಿಲ್ಲ, ನೀರು ಹೊರುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಹೊತ್ತು ಮುಳುಗುವ ಮುಂಚೆ ಯಾರಾದರೂ ಬಂದು ಮುದ್ದೆಯನ್ನು ದೂರದ ಕಲ್ಲಿನ ಮೇಲಿಟ್ಟು ಹೋದರೆ, ಬೆಳಗಾಗುವತನಕ ಹಟ್ಟಿಯ ಗಂಡಸರು ಆ ಕಡೆ ಮುಖ ಮಾಡುತ್ತಿರಲಿಲ್ಲ. ಹೊರಗಾದವರು ಗುಡಿಸಲಲ್ಲೇ ಇರುತ್ತಾರೆ ಎಂದು ಅವರು ನಂಬಿದ್ದರು. ಇದ್ದಾರೋ ಇಲ್ಲವೋ ಎಂದು ಬಗ್ಗಿ ನೋಡಲು ಅವರ ಮಡಿ ಬಿಡುತ್ತಿರಲಿಲ್ಲ.

ಹೀಗಾಗಿ ಟೆಂಟಿನ ಮೊದಲ ಆಟಕ್ಕೆ, ಹೆಂಗಸರ ಕಡೆಯ ಮರಳಿನಲ್ಲಿ, ಗುಡಿಸಲಿನವರು ಯಾವತ್ತೂ ಇರುತ್ತಿದ್ದರು.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಹೋದ ವರ್ಷ ನಾಗಕ್ಕನನ್ನು ಅವಳ ಮೈದುನ ಟೆಂಟಿನ ಬಾಗಿಲಲ್ಲಿ ಕಂಡುಬಿಟ್ಟಿದ್ದ. ಅಂದಿನಿಂದ ನಾಗಕ್ಕ ಹೊರಗಾದಾಗಲೆಲ್ಲ ಅವಳ ಅತ್ತೆ ಗುಡಿಸಲಿನ ಎದುರಿಗೇ ಚಾಪೆ ಹಾಸಿ ಮಲಗುತ್ತಿದ್ದಳು. ನಾಗಕ್ಕ ಆಮೇಲೆ ಒಂದು ಪಿಚ್ಚರ್ರೂ ನೋಡಲಿಲ್ಲ. ಉಳಿದವರು ನೋಡಿಬಂದು ಹೇಳಿದ್ದನ್ನು ಕೇಳುತ್ತಿದ್ದಳು.

ಹೇಳುವವಳು ಭೀಮಕ್ಕ. ಓದು ಬರಹ ಇಲ್ಲದ್ದರಿಂದ ಪಿಚ್ಚರ್‌ಗಳ ಹೆಸರು ಅವಳಿಗೆ ಬೇಕಾಗಿರಲಿಲ್ಲ, ತಾನೇ ಹೆಸರಿಡುತ್ತಿದ್ದಳು. ಎಪ್ಪತ್ತೊಂಬತ್ತನೇ ಇಸವಿಯ ಆ ಬೇಸಿಗೆಯಲ್ಲಿ, ಟೆಂಟು ಮಳೆಗಾಲಕ್ಕೆ ಬಾಗಿಲು ಹಾಕಲು ಒಂದು ವಾರ ಇದ್ದಾಗ, ಕೊಲ್ಲಾಪುರಮ್ಮ ಗುಡಿಸಲಿನ ಮುಂದೆ ಕಾಲು ಚಾಚಿ ಕೂತು ಕೇಳಿದಳು.

"ಈ ವರ್ಸದಾಗೆ ಯಾವ್ದೇ ಚೆಂದ, ಭೀಮಿ? ಆ ಅತ್ತೆ ಸೊಸೆ ಪಿಚ್ಚರ್ರು ತಾನೆ?"

"ಅದಾ? ಎಲ್ಲಾ ಕುಂತ್ಕೊಂಡು ಅಳ್ತಿದ್ರು. ಕೊಟ್ಟಿಗೇಲಿ ಎಮ್ಮೆ ಕಟ್ಟಿತ್ತು. ಅದುಕ್ಕೆ ಒಬ್ರಾದ್ರೂ ಒಂದ್ ಹಿಡಿ ಹುಲ್ಲು ಹಾಕಿದ್ರಾ?"

"ನಾನಂತೂ ಅತ್ತುಬುಟ್ಟೆ ಕಣೇ."

"ನೀನು ಟಿಕೇಟ್ ಹರಿಯೋವಾಗ್ಲೇ ಅಳ್ತೀಯ."

ಕೊಲ್ಲಾಪುರಮ್ಮನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅದನ್ನು ಅವಳು ಹಟ್ಟಿಗೆ ಹೇಳಿರಲಿಲ್ಲ. ಹೇಳಿದರೆ ಪಿಚ್ಚರ್ ನಿಲ್ಲುತ್ತಿತ್ತು.

ಭೀಮಕ್ಕನ ತೀರ್ಪು ಖಡಕ್ಕು. ತೆಲುಗಿನ ದೇವರ ಪಿಚ್ಚರ್‌ನಲ್ಲಿ ಕುರಿಗಳು ಹಾಲಿನಲ್ಲಿ ತೊಳೆದ ಹಾಗಿದ್ದವು, ಒಂದರ ಬಾಲಕ್ಕೂ ಹಿಕ್ಕೆ ಅಂಟಿರಲಿಲ್ಲ. ಹಾಗಾಗಿ ಆ ದೇವರನ್ನೂ ಅವಳು ನಂಬಲಿಲ್ಲ. ಊರ ಗಂಡಸರು ಕುಣಿದಾಡಿದ ‘ಕೆಂಪು ಜೀಪಿನ ಪಿಚ್ಚರ್’ನಲ್ಲಿ ಹೀರೋ ಅಷ್ಟು ಜನರನ್ನು ಹೊಡೆದರೂ ಅಂಗಿಯ ಗುಂಡಿ ಕಿತ್ತಿರಲಿಲ್ಲ. ಗುಡಿಯ ಗಂಟೆ ಕದ್ದು, ಅದು ಸದ್ದು ಮಾಡದ ಹಾಗೆ ಹೊಟ್ಟೆಗೆ ಕಟ್ಟಿಕೊಂಡು ಊರೂರು ಅಲೆಯುವ ಕಳ್ಳನ ಪಿಚ್ಚರ್ ಮಾತ್ರ ಅವಳಿಗೆ ಬಹಳ ಹಿಡಿಸಿತ್ತು. ಅದರ ಕಥೆ ಹೇಳುವಾಗ ಮುದ್ದೆಯ ತಟ್ಟೆಯನ್ನೇ ಹೊಟ್ಟೆಗೆ ಕಟ್ಟಿಕೊಂಡು ನಡೆದು ತೋರಿಸುತ್ತಿದ್ದಳು. ಲಾರಿ ಓಡಿಸುವ ಹುಡುಗಿಯದೂ ಚೆನ್ನಾಗಿತ್ತು, ಕೊನೆಗೆ ಅವಳು ಲಾರಿ ಬಿಟ್ಟು ಮದುವೆಯಾಗದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಎಲ್ಲಕ್ಕಿಂತ ಮೇಲೆ ಬಾವಿ ಪಿಚ್ಚರ್.

ಅದರಲ್ಲಿ ಒಬ್ಬ ಹೆಂಗಸು ತನ್ನ ಹೊಲದಲ್ಲಿ ಬಾವಿ ತೋಡುತ್ತಾಳೆ. ಅಷ್ಟೆ. ಗಂಡ ಸತ್ತವಳು, ಕೂಲಿಗೆ ಯಾರೂ ಬರುವುದಿಲ್ಲ, ಊರು ನಗುತ್ತದೆ. ಅವಳು ಅಗೆಯುತ್ತಾಳೆ, ಮಣ್ಣು ತಾನೇ ಮೇಲಕ್ಕೆ ಹೊರುತ್ತಾಳೆ. ಒಂದು ಹಾಡಿಲ್ಲ, ಹೊಡೆದಾಟವಿಲ್ಲ. ಟೆಂಟಿನಲ್ಲಿ ಗಂಡಸರು ಬೀಡಿ ಎಸೆದು ಕೂಗಾಡಿದ್ದರಿಂದ ಎರಡನೇ ದಿನಕ್ಕೇ ಅದನ್ನು ಕಿತ್ತು ಹಾಕಿದ್ದರು. ಭೀಮಕ್ಕ ನೋಡಿದ್ದು ಮೊದಲನೆಯ ದಿನ. ನೀರು ಬಂದಾಗ ಆ ಹೆಂಗಸು ಅಳಲಿಲ್ಲ, ನಗಲಿಲ್ಲ, ದೇವರಿಗೆ ಕೈ ಮುಗಿಯಲಿಲ್ಲ. ದಡದ ಮೇಲೆ ಕೂತು ಕಾಲು ತೊಳೆದುಕೊಂಡಳು. ಹಿಮ್ಮಡಿಯ ಮಣ್ಣನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದುಕೊಂಡಳು. ಇದನ್ನು ಭೀಮಕ್ಕ ಎಷ್ಟು ಸಲ ಹೇಳಿದ್ದಳೆಂದರೆ, ನೋಡದ ಹೆಂಗಸರಿಗೂ ಆ ಹಿಮ್ಮಡಿ ಕಣ್ಣಿಗೆ ಕಟ್ಟಿತ್ತು. ಅವಳಿಗೆ ಇನ್ನೊಂದು ಸಲ ನೋಡಬೇಕಿತ್ತು. ಹೋದ ಪಿಚ್ಚರ್ ಹೋದ ಹಾಗೆಯೇ, ಮತ್ತೆ ಬರುವುದಿಲ್ಲ ಎಂದು ಆಸೆ ಬಿಟ್ಟಿದ್ದಳು.

ಆದರೆ ಅದು ಹೋಗಿರಲೇ ಇಲ್ಲ. ಯಾರಿಗೂ ಬೇಡವಾದ ಆ ಪಿಚ್ಚರ್‌ನ ತಗಡಿನ ಪೆಟ್ಟಿಗೆಯನ್ನು ವಾಪಸು ಕಳಿಸಿ ಎಂದು ಹಂಚಿಕೆಯವರು ಕೇಳಿರಲಿಲ್ಲ, ಟೆಂಟಿನ ಮಾಲೀಕ ಪರ್ವತಯ್ಯ ಕಳಿಸಿರಲೂ ಇಲ್ಲ. ಟಿಕೇಟು ಕೊಡುವಲ್ಲಿ ಅದರ ಮೇಲೆಯೇ ಕೂರುತ್ತಿದ್ದ. ಪೆಟ್ಟಿಗೆಗೆ ಅಂಟಿಸಿದ್ದ ಚಿತ್ರದಲ್ಲಿ ಗುದ್ದಲಿ ಹಿಡಿದ ಹೆಂಗಸನ್ನು ಭೀಮಕ್ಕ ಆ ವಾರ ಟಿಕೇಟು ಕೊಳ್ಳುವಾಗ ಪರ್ವತಯ್ಯನ ಎರಡು ಕಾಲುಗಳ ನಡುವೆ ಕಂಡಳು. ಅಂದಿನಿಂದ ಅವಳ ತಲೆಯಲ್ಲಿ ಬೇರೆ ಯೋಚನೆ ಇರಲಿಲ್ಲ.

ಐ.ಡಿ.ಹಳ್ಳಿಯ ಟೆಂಟಿನಲ್ಲಿ ಒಂದು ಪದ್ಧತಿಯಿತ್ತು. ಮಳೆಗಾಲಕ್ಕೆ ಮುಚ್ಚುವ ದಿನ, ವರ್ಷದಲ್ಲಿ ಓಡಿದ ಪಿಚ್ಚರ್‌ಗಳ ಪೈಕಿ ಎರಡು ಮೂರನ್ನು ಪರ್ವತಯ್ಯ ತರಿಸಿ ಇಟ್ಟುಕೊಳ್ಳುತ್ತಿದ್ದ. ಪರದೆಯ ಮುಂದೆ ನಿಂತು ಒಂದೊಂದರ ಚಿತ್ರ ಎತ್ತಿ ಹಿಡಿಯುತ್ತಿದ್ದ. ಯಾವುದಕ್ಕೆ ಸಿಳ್ಳೆ ಜೋರಾಗಿ ಬೀಳುತ್ತದೋ ಅದೇ ಆವತ್ತಿನ ಆಟ. ಹೆಂಗಸರು ಸಿಳ್ಳೆ ಹಾಕುತ್ತಿರಲಿಲ್ಲವಾದ್ದರಿಂದ ಪ್ರತಿ ವರ್ಷ ಹೊಡೆದಾಟದ ಪಿಚ್ಚರ್ರೇ ಗೆಲ್ಲುತ್ತಿತ್ತು. ಸಿಳ್ಳೆಯ ದಂಡಿಗೆ ಯಜಮಾನ ಸೈಕಲ್ ಶಾಪಿನ ಚೌಡಯ್ಯ.

ಕೊನೆಯ ದಿನಕ್ಕೆ ಭೀಮಕ್ಕ ಹೊರಗಾಗಬೇಕಿರಲಿಲ್ಲ. ಆದಳು. ಅವಳ ಹಿಂದೆಯೇ ಕೊಲ್ಲಾಪುರಮ್ಮ, ಆಮೇಲೆ ಇನ್ನೂ ಐದಾರು ಜನ. ಗುಡಿಸಲಿನಲ್ಲಿ ಕಾಲು ಚಾಚಲು ಜಾಗವಿಲ್ಲದಂತಾಯಿತು. ತಾನೂ ಹೊರಗಾದೆ ಎಂದು ನಾಗಕ್ಕನ ಅತ್ತೆಯೇ ಬಂದು ಕೂತಾಗ ನಾಗಕ್ಕ ಬಾಯಿ ತೆರೆದಳು.

"ಏನತ್ತೆ, ಈ ವಯಸ್ಸಿಗೆ?"

"ಬಾಯ್ ಮುಚ್ಚೇ. ಆ ಬಾವಿ ಬಾವಿ ಅಂತ ಗುಡ್ಲು ಮುಂದೆ ಮಲಗಿರೋಳ ಕಿವಿ ತೂತು ಮಾಡಿದಿರಿ. ನಾನೂ ನೋಡೇಬುಡ್ತೀನಿ."

ಒಂದೇ ಸಲಕ್ಕೆ ಇಷ್ಟು ಹೆಂಗಸರು ಹೇಗೆ ಎಂದು ಹಟ್ಟಿಯ ಗಂಡಸರು ತಲೆ ಕೆರೆದುಕೊಂಡರು. ಇಂಥ ವಿಷಯವನ್ನು ಬಾಯಿಬಿಟ್ಟು ಕೇಳುವುದು ಅವರಿಗೆ ಆಗದ ಮಾತು. ಅವತ್ತು ಮುದ್ದೆಯನ್ನು ತಾವೇ ತಿರುವಿಕೊಂಡರು.

ಟೆಂಟು ತುಂಬಿತ್ತು. ಪರ್ವತಯ್ಯ ಮೊದಲು ಕೆಂಪು ಜೀಪಿನ ಚಿತ್ರ ಎತ್ತಿದ. ಗಂಡಸರ ಕಡೆಯಿಂದ ಎದ್ದ ಸಿಳ್ಳೆಗೆ ಗ್ಯಾಸ್‌ಲೈಟು ಅಲುಗಿತು. ತೆಲುಗು ದೇವರಿಗೆ ಒಂದಷ್ಟು ಬಿತ್ತು. ಪರ್ವತಯ್ಯ ಚಿತ್ರಗಳನ್ನು ಮಡಿಸತೊಡಗಿದಾಗ ಹೆಂಗಸರ ಕಡೆಯಿಂದ ಕೊಲ್ಲಾಪುರಮ್ಮ ಎದ್ದು ನಿಂತಳು.

"ಪರ್ವತಣ್ಣಾ, ನಿನ್ನ ಕುಂಡಿ ಕೆಳಗೆ ಇನ್ನೊಂದೈತಲ್ಲ, ಅದುನ್ನ ಯಾಕೆ ಎತ್ತಾಕಿಲ್ಲ?"

ಟೆಂಟು ಬಿದ್ದು ಬಿದ್ದು ನಕ್ಕಿತು. ಪರ್ವತಯ್ಯನೂ ನಕ್ಕ. ತಮಾಷೆಗೆಂದೇ ಹೋಗಿ ಪೆಟ್ಟಿಗೆಯನ್ನು ತಂದು, ಗುದ್ದಲಿಯ ಹೆಂಗಸನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ತಗೊಳ್ರಮ್ಮ. ಬೀಳ್ಲಿ ಸಿಳ್ಳೆ."

ಚೌಡಯ್ಯ ಬೆಂಚಿನ ಮೇಲೆ ಹತ್ತಿ ಕೂಗಿದ. "ಯಾರ್ರಲಾ ಹೊಡೆಯೋರು? ಊದೋ ಕೊಳವೆ ತಂದವ್ರೇನ್ಲಾ ನೋಡು!"

ಹೆಂಗಸರೆಲ್ಲ ಭೀಮಕ್ಕನತ್ತ ತಿರುಗಿದರು. ಗುಡ್ಡದ ಮೇಲೆ ಅವಳು ಸಿಳ್ಳೆ ಹಾಕುವುದನ್ನು ಕೇಳದವರು ಹಟ್ಟಿಯಲ್ಲಿ ಇರಲಿಲ್ಲ. ಗುಡ್ಡದ ಮೇಲೆ ಅದು ಕುರಿ ಕಾಯುವ ಕೆಲಸ. ಇಲ್ಲಿ, ಇಷ್ಟು ಗಂಡಸರ ಮುಂದೆ, ಮರ್ಯಾದೆ ಬಿಟ್ಟವಳ ಕೆಲಸ. ಸುದ್ದಿ ಹಟ್ಟಿಗೆ ಮುಟ್ಟಿದರೆ ಗುಡಿಸಲಿನ ಎಲ್ಲರ ಪಿಚ್ಚರ್ರೂ ಅಂದಿಗೇ ಮುಗಿಯುತ್ತಿತ್ತು. ಭೀಮಕ್ಕ ಪರ್ವತಯ್ಯನ ಕೈಯಲ್ಲಿದ್ದ ಚಿತ್ರವನ್ನೇ ನೋಡಿದಳು. ಅವನು ಅದನ್ನು ಕೆಳಗಿಳಿಸಲು ಹೊರಟಿದ್ದ. ಅವಳು ಎರಡು ಬೆರಳನ್ನು ನಾಲಿಗೆಯ ಕೆಳಗೆ ಇಟ್ಟಳು.

ಎರಡು ಗಿಡ್ಡ, ಒಂದು ಉದ್ದ. ಟೆಂಟಿನೊಳಗೆ ಅಂಥ ಸಿಳ್ಳೆ ಹಿಂದೆಂದೂ ಬಿದ್ದಿರಲಿಲ್ಲ. ಮುಂದೆ ಕೂತಿದ್ದವರು ಕಿವಿ ಮುಚ್ಚಿಕೊಂಡರು. ಅವಳು ಮತ್ತೆ ಹೊಡೆದಳು, ಮತ್ತೆ ಹೊಡೆದಳು. ಪಕ್ಕದಲ್ಲಿ ನಾಗಕ್ಕ ಶುರು ಮಾಡಿದಳು, ಅವಳ ಅತ್ತೆ ಬೊಚ್ಚುಬಾಯಲ್ಲೇ ಗಾಳಿ ಊದಿದಳು.

ಕುರಿ ಕಾಯುವ ಮನೆಗಳಲ್ಲಿ ಒಂದೊಂದು ಮನೆಗೂ ಒಂದೊಂದು ಸಿಳ್ಳೆ. ಬೇರೆ ಮನೆಯವರು ಎಷ್ಟು ಹೊಡೆದರೂ ಕುರಿ ಕತ್ತೆತ್ತಿ ನೋಡುವುದಿಲ್ಲ, ತನ್ನ ಮನೆಯ ಸಿಳ್ಳೆ ಕೇಳಿದರೆ ಎಲ್ಲಿದ್ದರೂ ನಿಲ್ಲುವುದಿಲ್ಲ. ಭೀಮಕ್ಕ ಹೊಡೆದದ್ದು ಗಂಡನ ಮನೆಯ ಸಿಳ್ಳೆ. ಅವಳಿಗೆ ಬರುತ್ತಿದ್ದದ್ದೂ ಅದೊಂದೇ. ಗುಡಿಸಲಿನಲ್ಲಿದ್ದ ಅವಳಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅವಳ ಮಾವ ಕ್ಯಾತಪ್ಪ ಅವತ್ತು ಟೆಂಟಿನ ಪಕ್ಕದ ಹೊಲದವರ ಹತ್ತಿರ ಗೊಬ್ಬರಕ್ಕೆಂದು ರಾತ್ರಿಯೆಲ್ಲ ಹೊಲದಲ್ಲಿ ಕುರಿ ತರುಬುವ ಮಾತಾಡಿಕೊಂಡಿದ್ದ. ಮಂದೆ ಆಗಷ್ಟೇ ಆ ಹೊಲಕ್ಕೆ ಬಂದಿತ್ತು. ಕುರಿ ಕೂಡಿಹಾಕಲು ಕ್ಯಾತಪ್ಪ ಇನ್ನೂ ಸುತ್ತ ಬಲೆ ಕಟ್ಟುತ್ತಿದ್ದ.

ಮೊದಲು ಟೆಂಟಿನ ಬಟ್ಟೆ ಉಬ್ಬಿತು. ಆಮೇಲೆ ಅದರ ಅಡಿಯಿಂದ ಕೊಂಬಿನ ಟಗರೊಂದು ತಲೆ ಹಾಕಿತು. ಅದರ ಹಿಂದೆ ಇಡೀ ಮಂದೆ. ಗಂಡಸರ ಕಡೆಯ ಬೆಂಚುಗಳು ಉರುಳಿದವು, ಚೌಡಯ್ಯ ಟಗರಿನ ಬೆನ್ನ ಮೇಲೆ ಕೂತು ಎದ್ದ, ಯಾರದೋ ಕಡ್ಲೆಕಾಯಿ ಪೊಟ್ಟಣ ಕುರಿಯ ಪಾಲಾಯಿತು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಇದ್ದ ಗಿಡ್ಡ ಗೋಡೆಯನ್ನು ಹಾರಿ ಬಂದ ಕುರಿಗಳು ಭೀಮಕ್ಕನ ಸುತ್ತ ನಿಂತು, ಕರೆದದ್ದು ಯಾಕೆ ಎಂದು ಕೇಳುವ ಹಾಗೆ ನೋಡಿದವು.

ಪರ್ವತಯ್ಯ ಇನ್ನೂ ಪೆಟ್ಟಿಗೆ ಎತ್ತಿ ಹಿಡಿದೇ ಇದ್ದ.

"ಬಾವಿ ಪಿಚ್ಚರ್ ಗೆದ್ದೈತೆ," ಎಂದ.

"ಅದೆಂಗಯ್ಯಾ? ಅದು ಕುರಿ ಕರೆಯೋ ಸಿಳ್ಳೆ, ಲೆಕ್ಕಕ್ಕಿಲ್ಲ!" ಚೌಡಯ್ಯ ಅಂಗಿ ಕೊಡವುತ್ತಾ ಅರಚಿದ.

"ನೀನು ವರ್ಸವೆಲ್ಲ ಹೊಡೀತೀಯಲ್ಲಪ್ಪ, ನಿನ್ನ ಸಿಳ್ಳೆಗೆ ಒಂದು ಕುರಿಮರಿ ಬಂದೈತಾ?" ಎಂದ ಪರ್ವತಯ್ಯ.

ಈ ಸಲ ಗಂಡಸರೂ ಚೌಡಯ್ಯನನ್ನು ನೋಡಿ ನಕ್ಕರು. ಆ ನಗುವಿನ ನಡುವೆ ಕ್ಯಾತಪ್ಪ ಕಂಬಳಿ ಎಳೆದುಕೊಂಡು, ಕೋಲು ಹಿಡಿದು, ಏದುಸಿರು ಬಿಡುತ್ತ ಒಳಗೆ ಬಂದ. ಕುರಿಗಳನ್ನು ಕಂಡ. ಕುರಿಗಳ ನಡುವೆ ಸೊಸೆಯನ್ನು ಕಂಡ. ಸೊಸೆಯ ಸುತ್ತ ಹಟ್ಟಿಯ ಅರ್ಧ ಹೆಂಗಸರನ್ನು ಕಂಡ.

ನಗು ನಿಂತುಹೋಯಿತು.

"ನಡಿಯೇ ಆಚೆಗೆ," ಎಂದ ಕ್ಯಾತಪ್ಪ. ದನಿ ಎತ್ತರಿಸಲಿಲ್ಲ. ಅವನು ದನಿ ಎತ್ತರಿಸದಿದ್ದರೆ ಕೋಪ ಜಾಸ್ತಿ ಎಂದು ಅರ್ಥ.

ಓಡಿದರೆ ಇವತ್ತಿನ ಪಿಚ್ಚರ್ರೂ ಇಲ್ಲ, ಮುಂದಿನವೂ ಇಲ್ಲ. ಭೀಮಕ್ಕ ಕೂತಲ್ಲಿಂದ ಏಳಲಿಲ್ಲ.

"ನಾನು ಹೊರಗಾಗಿವ್ನಿ ಮಾವ. ಎಳ್ಕೊಂಡು ಹೋಗ್ತೀನಿ ಅಂದ್ರೆ ಮುಟ್ಟು, ಬತ್ತೀನಿ."

ಕ್ಯಾತಪ್ಪನ ಕಾಲು ನಿಂತಲ್ಲೇ ನಿಂತಿತು. ಅವನು ಹಟ್ಟಿಯ ಗುಡಿಯಲ್ಲಿ ದೀಪ ಹಚ್ಚುವವನು.

"ಕುರೀನೂ ಮುಟ್ಟಿಬುಟ್ರಲ್ಲೇ ಹಾಳಾದೋರಾ!"

"ಕುರಿಗೆ ಮೈಲಿಗೆ ಅನ್ನಂಗಿದ್ರೆ ಬೆಳಿಗ್ಗೆ ಎಲ್ಲವುಕ್ಕೂ ನೀರು ಹುಯ್ಯಪ್ಪ," ಎಂದಳು ಕೊಲ್ಲಾಪುರಮ್ಮ. "ಈ ಬಿಸ್ಲಾಗೆ ನೀರೆಲ್ಲಿ ತತ್ತೀಯೋ ಕಾಣೆ."

ಕ್ಯಾತಪ್ಪ ಅಲ್ಲಿಂದಲೇ ಕುರಿಗಳನ್ನು ಕರೆದ. ಕರೆದವಳ ಹತ್ತಿರ ಬಂದಾಗಿದೆಯಲ್ಲ ಎಂಬಂತೆ ಅವು ಒಂದೊಂದಾಗಿ ಮರಳಿನಲ್ಲಿ ಕಾಲು ಮಡಿಸಿ ಕೂತವು. ಎಬ್ಬಿಸಬೇಕಾದರೆ ಆ ಹೆಂಗಸರ ನಡುವೆ ಕಾಲಿಡಬೇಕು. ಸೊಸೆಗೆ ಹೊರಡು ಅಂದರೆ ಅವಳು ಏಳುವುದಿಲ್ಲ. ಅವನು ಕೋಲು ಊರಿಕೊಂಡು ಸುತ್ತ ನೋಡಿದ.

"ಯಜಮಾನ, ಕುರಿಗೆ ಟಿಕೇಟ್ ಬ್ಯಾಡ," ಎಂದ ಪರ್ವತಯ್ಯ. "ನಿಂಗೂ ಬ್ಯಾಡ. ಕುಂತ್ಕೋ. ಪಿಚ್ಚರ್ ಮುಗಿಯೋಗಂಟ ಇವು ಏಳಾಕಿಲ್ಲ."

ಗ್ಯಾಸ್‌ಲೈಟು ಆರಿತು. ಕ್ಯಾತಪ್ಪ ಗಿಡ್ಡ ಗೋಡೆಗೆ ಒರಗಿ, ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡು ಕುಕ್ಕರಗಾಲಲ್ಲಿ ಕೂತ.

ಪರದೆಯ ಮೇಲೆ ಆ ಹೆಂಗಸು ಮೊದಲ ಗುದ್ದಲಿ ಹಾಕಿದಳು. ಕಥೆ ಗೊತ್ತಿದ್ದ ಹೆಂಗಸರು ಅವಳಿಗಿಂತ ಮುಂಚೆಯೇ ಹೇಳತೊಡಗಿದರು. "ಈಗ ಕಲ್ಲು ಸಿಗ್ತದೆ ನೋಡು." "ಈಗ ಆ ಗೌಡ ಬತ್ತಾನೆ, ಹಲ್ಕಾ." ಗೌಡ ಬಂದಾಗ ನಾಗಕ್ಕನ ಅತ್ತೆ ಪರದೆಗೆ ಮರಳು ಎರಚಿದಳು. ಬೀಡಿ ಎಸೆಯಲು ಕಾದಿದ್ದ ಹುಡುಗರು ಹೆಂಗಸರ ಗದ್ದಲ ನೋಡಿ ಅಲ್ಲೇನಿದೆ ಎಂದು ಕತ್ತು ಚಾಚಿದರು, ಚಾಚಿದವರು ಹಾಗೆಯೇ ನೋಡುತ್ತ ಕೂತರು. ಹಗ್ಗ ಹರಿದು ಅವಳು ಬಾವಿಗೆ ಬಿದ್ದಾಗ ಹುಡುಗರ ಬೀಡಿ ಬೆರಳಲ್ಲೇ ಆರಿತು. ಅವಳು ಮತ್ತೆ ಎದ್ದಾಗ, ಇಡೀ ಟೆಂಟಿನಲ್ಲಿ ಮೊದಲು ಬಿದ್ದ ಸಿಳ್ಳೆ ಚೌಡಯ್ಯನದು.

ನೀರು ಬಂತು. ಹೆಂಗಸು ದಡದ ಮೇಲೆ ಕೂತಳು. ಭೀಮಕ್ಕ ಪರದೆ ನೋಡುತ್ತಿದ್ದವಳು ಒಮ್ಮೆ ಹಿಂದಕ್ಕೆ ತಿರುಗಿದಳು. ಹಟ್ಟಿಯ ಹೆಂಗಸರೆಲ್ಲ ಒಂದೇ ಕಡೆ ನೋಡುತ್ತಿದ್ದರು. ತಾನು ಬಾಯಲ್ಲಿ ಹೇಳಿದ್ದೂ ಅಲ್ಲಿ ಇದ್ದದ್ದೂ ಒಂದೇ ಎಂದು ಅವಳಿಗೆ ಹೆಮ್ಮೆಯಾಯಿತು. ಇಡೀ ವರ್ಷದ ಪಿಚ್ಚರ್‌ಗಳಲ್ಲಿ ಇದೇ ಮೇಲು. ಅದನ್ನು ಈಗ ಅವಳೊಬ್ಬಳೇ ಹೇಳಬೇಕಾಗಿರಲಿಲ್ಲ.

ಮಾರನೆಯ ದಿನ ಹಟ್ಟಿಯಲ್ಲಿ ಕುರಿ ಚದುರಿದ್ದು ಹೇಗೆ ಎಂದು ಕೇಳಿದವರಿಗೆ ಕ್ಯಾತಪ್ಪ ತೋಳ ಬಂದಿತ್ತು ಎಂದ. ಬೇರೆ ಏನು ಹೇಳಲೂ ಅವನಿಗೆ ದಾರಿ ಇರಲಿಲ್ಲ. ಹೊರಗಾದ ಹೆಂಗಸರ ಪಕ್ಕದಲ್ಲಿ ಗೋಡೆಗೊರಗಿ ಮುಗಿಯುವವರೆಗೂ ಕೂತಿದ್ದೆ ಎಂದರೆ ಗುಡಿಯ ದೀಪ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಟೆಂಟಿನಲ್ಲಿದ್ದ ಊರವರು ಆಡಿಕೊಂಡರು, ನಕ್ಕರು. ಹಟ್ಟಿಯಲ್ಲಿ ಮಾತ್ರ ಯಾರೂ ಅದನ್ನು ಅವನ ಮುಖಕ್ಕೆ ಹೇಳಲಿಲ್ಲ.

ಸಂಜೆ ಮುದ್ದೆ ತಂದವನು ಅವನೇ. ದೂರದ ಕಲ್ಲಿನ ಮೇಲಿಟ್ಟು, ಹೋಗದೆ ಅಲ್ಲೇ ನಿಂತ.

"ಆ ಹೆಂಗಸು ಬಾವಿಗೆ ಕಲ್ಲು ಕಟ್ಟಲಿಲ್ಲ," ಎಂದ ಕ್ಯಾತಪ್ಪ, ಹುಣಸೆಮರದ ಕಡೆ ನೋಡುತ್ತ. "ಮೊದ್ಲ ಮಳೆಗೇ ದಡ ಕುಸೀತದೆ."

"ಕುಸಿದ್ರೆ ಮತ್ತೆ ತೋಡ್ತಾಳೆ ಬುಡು ಮಾವ," ಎಂದಳು ಭೀಮಕ್ಕ.

ಅವನು ಒಂದು ಸಲ ಕೆಮ್ಮಿದ.

"ಮಳೆ ಕಳೆದ್ ಮ್ಯಾಲೆ ಆ ಟೆಂಟ್ನ ಯಾವಾಗ ಹಾಕ್ತಾನಂತೆ?"