ಎಡಗಿವಿಗೆ ಬಂದ ಹಾಡು

ಇವಳ ಕಿವಿಯ ಬಿಸಿ ಇನ್ನೂ ಆರಿಲ್ಲ ಇಯರ್‌ಫೋನಿನ ಈ ರಬ್ಬರಿನ ಗುಂಡಿಯಲ್ಲಿ, ಒಂದು ಅವಳ ಕಿವಿಗೆ, ಒಂದು ನನ್ನ ಎಡಗಿವಿಗೆ, ವ್ಯಾನು ಕುಲುಕಿದಾಗಲೆಲ್ಲ ತಂತಿ ಎಳೆದು ಇಬ್ಬರ ತಲೆಯೂ ಒಟ್ಟಿಗೆ ವಾಲುತ್ತದೆ, ಕಿಟಕಿಯಾಚೆ ಜರ್ದಾಳು ಮರಗಳು, ಸಂದಿಯಲ್ಲಿ ಸರೋವರ, ಮತ್ತೆ ಮರಗಳು — ನಿದ್ದೆ ಮಾಡ್ಬೇಡ ತಾಯೆಜೆ, ಸಾಯಂಕಾಲದೊಳಗೆ ಹಾಡೋರೆಲ್ಲರದ್ದೂ ಒಂದೊಂದು ಹಾಡು ಕೇಳಿರ್ಬೇಕು, ಅಲ್ಲಿ ನಿಂತ್ಕೊಂಡು ಇದ್ಯಾರು ಅದ್ಯಾರು ಅಂತ ನನ್ನ ಮಾನ ಕಳೀಬೇಡ — ಎಂದು ಮೊಣಕೈಯಲ್ಲಿ ತಿವಿಯುತ್ತಾಳೆ ಅಯ್ಜಿರೆಕ್, ನನ್ನ ತಂಗಿ ಕುಂದುಜಳ ಮಗಳು, ಇವಳಿಗೆ ನಾನು ತಾಯೆಜೆ, ತಾಯಿಯ ಅಕ್ಕ, ಈಗ ಹದಿನೇಳು, ತಾಯಿ ಹೋದಾಗ ಎಂಟು, ಅಂದಿನಿಂದ ನನ್ನ ತಟ್ಟೆಯಲ್ಲೇ ಉಂಡವಳು. ದಡದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ನಾನೇಕೆ, ಈ ಮಂಡಿ ಇಟ್ಟುಕೊಂಡು, ಆದರೆ ಇವಳು ಕರೆದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ, ಇವಳ ಫೋನು ಬಂದರೆ ಮೊದಲ ರಿಂಗಿಗೇ ಎತ್ತುತ್ತೇನೆ, ಗಂಡ ಎಸೆನ್ ನಗುತ್ತಾನೆ, ಫೋನು ನಿನ್ನ ಕೈಗೇ ಅಂಟ್ಕೊಂಡಿದೆಯೇನೇ, ನಗಲಿ, ಅವನಿಗೇನು ಗೊತ್ತು. ಇವಳ್ಯಾರೋ ಹೊಸಬಳು ತಾಯೆಜೆ, ಬೆರ್ಮೆತ್ ಅಂತೆ, ತಾನೇ ಬರೆದು ತಾನೇ ಹಾಡ್ತಾಳಂತೆ, ನಾನೂ ಕೇಳಿಲ್ಲ, ಹಾಕ್ಲಾ? ಹಾಕಮ್ಮ, ಎಂದೆ.

ಯಂತ್ರದ ಡ್ರಮ್ಮು, ಅದರಡಿಯಲ್ಲಿ ಕೊಮುಜ್ ವಾದ್ಯದ ತಂತಿ, ಆಮೇಲೆ ದನಿ — ಉಸಿರು ಮುಗಿದರೂ ಬಿಡದೆ ಸಾಲನ್ನು ಎಳೆಯುವ ದನಿ, ಹೀಗೆ ಎಳೆಯುವವಳು ಒಬ್ಬಳೇ, ಅವಳ ಬೆನ್ನು ನನಗೆ ಗೊತ್ತು, ಬೂದು ಶಾಲು ಹೊದ್ದ ಬೆನ್ನು, ಕುಂದುಜಳ ಹೆಣವಿಟ್ಟ ಗುಡಾರದೊಳಗೆ ಹೆಂಗಸರೆಲ್ಲ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು, ಸತ್ತವರಿಗೆ ಕೊಶೊಕ್ ಹಾಡುವುದು ಹಾಗೆಯೇ, ಅಕ್ಕನಾದ ನಾನು ಮೊದಲು ಎತ್ತಿಕೊಳ್ಳಬೇಕಿತ್ತು, ಒಂದಕ್ಷರ ಹೊರಡಲಿಲ್ಲ, ಹಿಂದೆ ಪಿಸುಪಿಸು, ಒಡಹುಟ್ಟಿದವಳಿಗೂ ಹಾಡ್ದೆ ಕೂತಿದಾಳಲ್ಲೇ, ಎಂಥ ಕಲ್ಲು ಇವ್ಳು — ಎದ್ದು ಹೊರಗೆ ಬಂದೆ, ಮಾಂಸ ಬೇಯುತ್ತಿದ್ದ ಹಂಡೆಗಳ ಹಿಂದೆ ನಿಂತೆ, ಪಕ್ಕದೂರಿನಿಂದ ಅಜ್ಜಿಯ ಜೊತೆ ಬಂದಿದ್ದ ಆ ಬೂದು ಶಾಲಿನ ಹುಡುಗಿ ಹಿಂದೆಯೇ ಬಂದಳು, ಇಪ್ಪತ್ತೂ ಆಗಿರಲಿಲ್ಲ, ಅವರು ಹೇಗಿದ್ರು ಹೇಳಿ ಎಜೆ, ನಿಮ್ಮ ಬದಲು ನಾನು ಹಾಡ್ತೀನಿ. ಹೇಳಿದೆ. ಎಡಗೈಯವಳು, ಸರೋವರದ ದಡದಲ್ಲೇ ಹುಟ್ಟಿ ನೀರಿಗೆ ಹೆದರುತ್ತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಾಲಿಗೆ ಒಮ್ಮೆ ಸಡಿಲಾದ ಮೇಲೆ ಆ ಮಾತನ್ನೂ ಹೇಳಿಬಿಟ್ಟೆ, ಮತ್ತೆಂದೂ ಕಣ್ಣಿಗೆ ಬೀಳದವಳು ತಾನೇ ಎಂದು. ಒಳಗೆ ಹೋಗಿ ಅವಳು ಒಳ್ಳೆಯದನ್ನಷ್ಟೇ ಹಾಡಿದಳು, ಉಳಿದದ್ದು ಕುಂದುಜಳ ಜೊತೆ ಮಣ್ಣಾಯಿತು ಅಂದುಕೊಂಡಿದ್ದೆ.

ಎಡಗೈಯಲ್ಲಿ ಚಹಾ ಬಗ್ಗಿಸುವವಳೇ, ದಡದಲ್ಲಿ ಹುಟ್ಟಿ ನೀರಿಗೆ ಹೆದರಿದವಳೇ — ಅಯ್ಯೋ, ನಮ್ಮಮ್ಮನ ಥರಾನೇ, ಎನ್ನುತ್ತಾಳೆ ಅಯ್ಜಿರೆಕ್, ನಗುತ್ತ, ಇನ್ನೂ ನಗುತ್ತಿದ್ದಾಳೆ, ಮುಂದಿನ ಸಾಲು ಬರುವ ಮುಂಚೆ ಈ ತಂತಿ ಕಿತ್ತುಬಿಡಬೇಕು, ಸಾಕು ಆಫ್ ಮಾಡೇ ತಲೆನೋವು ಅಂದರಾಯಿತು, ಕೈ ತಂತಿಯ ಮೇಲೇ ಇದೆ, ಎಳೆಯುತ್ತಿಲ್ಲ, ಬಂದೇ ಬಿಟ್ಟಿತು — ನಾಲ್ಕು ಸಲ ಕರೆದೆ ಅಕ್ಕಾ, ಹಿಟ್ಟಿನಲ್ಲಿ ಬೋರಲು ಬಿದ್ದಿತ್ತು ನಿನ್ನ ಫೋನು. ಒಂಬತ್ತು ವರ್ಷದ ಹಿಂದಿನ ಜುಲೈ, ತಂಗಿಯ ಊರಿಗೆ ಊರೇ ದನಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋಗಿತ್ತು, ಅವಳ ಬೀದಿಯಲ್ಲಿ ಒಂದು ಕಾರಿಲ್ಲ, ಎಸೆನ್‌ನ ಕಾರು ನಮ್ಮ ಅಂಗಳದಲ್ಲೇ ನಿಂತಿದೆ, ನಾನು ನೆರೆಮನೆಯ ಔತಣಕ್ಕೆ ಬೋರ್ಸೊಕ್ ಕರಿಯಲು ಹಿಟ್ಟು ನಾದುತ್ತಿದ್ದೇನೆ, ಹಲಗೆಯ ಮೇಲೆ ಫೋನು ಬೆಳಗಿತು, ಕುಂದುಜ್, ಗಂಡ ಕುಡಿದು ಬಂದ ಅಂತ ದಿನಾ ಅದೇ ಗೋಳು, ಇವಳದ್ದು ಮುಗಿಯೋದಲ್ಲ ಎಂದು ಮೊಣಕೈಯಲ್ಲಿ ತಿರುವಿ ಹಾಕಿದೆ, ಅದು ನಡುಗಿತು, ಸುತ್ತ ಹಿಟ್ಟು ಹಾರಿತು, ಮತ್ತೆ, ಮತ್ತೆ, ನಾಲ್ಕನೆಯದಕ್ಕೆ ಸಿಟ್ಟು ಬಂದು ಬೋಗುಣಿ ಕವುಚಿಬಿಟ್ಟೆ ಅದರ ಮೇಲೆ, ಆಮೇಲೆ ಆ ಕರೆಗಳ ಪಟ್ಟಿಯನ್ನು ನೋಡದೆಯೇ ಅಳಿಸಿಬಿಟ್ಟೆ. ಹೊಟ್ಟೆಯೊಳಗೆ ರಕ್ತನಾಳ ಒಡೆದುಹೋಗಿದೆ, ಎರಡು ಗಂಟೆ ಮುಂಚೆ ತಂದಿದ್ರೆ ಉಳೀತಿದ್ರು, ಎಂದರು ಡಾಕ್ಟರು. ಫೋನು ಒಳಗಿನ ಕೋಣೆಯಲ್ಲಿತ್ತು, ಕೇಳಿಸಲಿಲ್ಲ ಎಂದೆ ನಾನು, ಊರಿಗೆಲ್ಲ ಎಂದೆ, ಈ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡೂ ಎಂದೆ.

ಹಾಡು ಅದೇ ಸಾಲನ್ನು ಮತ್ತೆ ಎತ್ತಿಕೊಂಡಿದೆ, ನಾಲ್ಕು ಸಲ ಕರೆದೆ ಅಕ್ಕಾ, ಇವಳ ನಗು ನಿಂತಿದೆ, ನನ್ನ ಕಡೆ ತಿರುಗುತ್ತಿಲ್ಲ, ಕಿಟಕಿಯನ್ನೇ ನೋಡುತ್ತಿದ್ದಾಳೆ, ನಾಲ್ಕಲ್ಲ, ಎನ್ನುತ್ತಾಳೆ, ಮೆಲ್ಲಗೆ, ಲೆಕ್ಕ ತಿದ್ದುವವಳಂತೆ — ಐದು. ಅಮ್ಮನ ಕೈ ನಡುಗ್ತಿತ್ತು ತಾಯೆಜೆ, ಕೊನೇದು ನಾನೇ ಒತ್ತಿದ್ದು, ರಿಂಗ್ ಆಗ್ತಾನೇ ಇತ್ತು — ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಮಲಗಿದವಳು, ಕೇಳಿಸಲಿಲ್ಲ ಎಂದಾಗ ತಲೆಯಾಡಿಸಿದವಳು, ಐದು, ಐದನೆಯದು ನನಗೆ ನಿಜವಾಗಿಯೂ ಕೇಳಿಸಿರಲಿಲ್ಲ ಮಗಳೇ, ಅದು ಬೋಗುಣಿಯಡಿ, ಕತ್ತಲಲ್ಲಿ, ಹಿಟ್ಟಿನಲ್ಲಿ, ಎಂಟು ವರ್ಷದ ಬೆರಳು, ಬೋಗುಣಿಯಡಿ ನಡುಗುತ್ತಾ, ಬೋಗುಣಿಯಡಿ —