ಬಂಗಾರೆವ್ವನ ಕರಡಿಗೆ

ಸಂಗನಬಸಪ್ಪ ಲಿಂಗದ ಕರಡಿಗೆಗೆ ಸುತ್ತಿದ್ದ ಕರಿ ದಾರವನ್ನು ಉಗುರಿನಿಂದ ಬಿಡಿಸಲು ನೋಡಿ, ಆಗದೆ, ಕೊನೆಗೆ ಕತ್ತರಿ ಕೇಳಿದರು.

"ಇಷ್ಟ್ಯಾಕ ಬಿಗೀ ಸುತ್ಯಾರವ್ವಾ ಇದನ್ನ?"

ಸೊಸೆ ಐಶ್ವರ್ಯಾ ತನ್ನ ಅತ್ತೆಯ ಸೀರೆಯ ನೆರಿಗೆ ಸರಿಪಡಿಸುವುದನ್ನು ಬಿಟ್ಟು ಪರ್ಸಿನಿಂದ ಪುಟ್ಟ ಕತ್ತರಿ ತೆಗೆದುಕೊಟ್ಟಳು. ಡ್ಯಾನ್‌ವಿಲ್‌ನ ಆ ಫ್ಯೂನರಲ್ ಹೋಮಿನಲ್ಲಿ ಅವರಿಗೆ ಸಿಕ್ಕಿದ್ದು ಒಂದೂವರೆ ತಾಸು. ಬಂಗಾರೆವ್ವ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದಳು. ಕೂಡಿಸಿ ಮಣ್ಣು ಮಾಡುವುದು ಇವರ ಪದ್ಧತಿ. ಮಲಗಿಸಿಯೇ ಮಾಡಬೇಕೆಂದು ಇಲ್ಲಿಯ ಸ್ಮಶಾನದವರು ಹೇಳಿದ್ದರು. ಅವಳ ಗಂಡ ಶಿವರುದ್ರಪ್ಪ ಮಾಸ್ತರರು ಅದಕ್ಕೂ ಹೂಂ ಅಂದಿದ್ದರು. ಆದರೆ ಹುಟ್ಟಿದಾಗಿನಿಂದ ಕೊರಳಲ್ಲಿದ್ದ ಲಿಂಗ ಎಡ ಅಂಗೈಯಲ್ಲಿ ಇರಲೇಬೇಕು, ಅದೊಂದು ಮಾತ್ರ ತಪ್ಪಬಾರದು ಎಂದು ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದರು.

ದಾರ ಕಡಿಯಿತು. ಸನ್ನಿವೇಲ್‌ನಿಂದ ಈ ಸಂಸ್ಕಾರ ಮಾಡಿಸಲೆಂದೇ ಬಂದಿದ್ದ ಸಂಗನಬಸಪ್ಪ ಬೆಳ್ಳಿಯ ಮುಚ್ಚಳ ತೆಗೆದು ಒಳಗಿನ ಬಿಳಿ ಬಟ್ಟೆ ಬಿಚ್ಚಿದರು, ಕೊಡವಿದರು. ಏನೂ ಬೀಳಲಿಲ್ಲ.

"ಮಾಸ್ತರ್ರ, ಇದರಾಗ ಲಿಂಗ ಇಲ್ರೀ."

"ಇಲ್ಲಂದ್ರ? ದಿನಾ ಎರಡ ಹೊತ್ತ ಪೂಜಿ ಮಾಡ್ತಿದ್ದಳಲ್ಲ!"

"ಹಾಸ್ಪಿಟಲ್‌ನಾಗ ಎಲ್ಲ್ಯರೆ ಬಿತ್ತೇನೋ ಅಪ್ಪಾ, ಕಾಲ್ ಮಾಡ್ತೀನಿ ತಡಿ," ಎಂದು ಮಗ ಕೇದಾರ ಫೋನು ತೆಗೆದ.

ಗೋಡೆಗೆ ಒರಗಿ ನಿಂತಿದ್ದ ಅವನ ಮಗಳು ಲಾಸ್ಯಾ, ಹದಿನಾಲ್ಕರ ಹುಡುಗಿ, ತಲೆ ಅಲ್ಲಾಡಿಸಿದಳು. "ನೋ ಅಪ್ಪಾ. ಅದು ಸ್ನೋದಲ್ಲಿ ಬಿತ್ತು. ಲಾಸ್ಟ್ ಇಯರ್." ಅಷ್ಟರಲ್ಲೇ ಅವಳಿಗೆ ಅಳು ಬಂತು. "ಅಜ್ಜನಿಗೆ ಹೇಳಬೇಡ ಅಂತ ಅಜ್ಜಿ ಪ್ರಾಮಿಸ್ ತಗೊಂಡಿದ್ದಳು."

* * *

ಹೋದ ವರ್ಷ ಏಪ್ರಿಲ್ ತಿಂಗಳು, ಹಿತ್ತಲಿನ ನಿಂಬೆಗಿಡ ಹೂಬಿಟ್ಟ ಮೇಲೆ, ಡಿಯಾಬ್ಲೊ ಗುಡ್ಡದ ನೆತ್ತಿಗೆ ಹಿಮ ಬಿತ್ತು. ಹೊತ್ತಲ್ಲದ ಹೊತ್ತಿನ ಹಿಮ. ಕರಗುವುದರೊಳಗೆ ನೋಡಬೇಕೆಂದು ಇಡೀ ಊರೇ ಕಾರು ಹತ್ತಿತು. ಅರವತ್ತೆಂಟು ವರ್ಷದ ಬಂಗಾರೆವ್ವ ಸೀರೆಯ ಮೇಲೆ ಮಗನ ಜಾಕೆಟ್ ಏರಿಸಿ, ಮೊಮ್ಮಗಳ ಜೊತೆ ಗುಂಡ್ಯಾನನ್ನೂ ಎಳೆದುಕೊಂಡು ಇಳಿದಳು. ಗುಂಡ್ಯಾ ಮನೆಯ ನಾಯಿ. ಹಿಮ ಕಂಡವನೇ ಅದನ್ನು ಕಚ್ಚಿದ, ಉರುಳಾಡಿದ, ತನ್ನ ಬಾಲಕ್ಕೆ ತಾನೇ ಬೊಗಳಿದ. ಕೇದಾರ ರಸ್ತೆಯಂಚಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದ.

ಶಿವರುದ್ರಪ್ಪ ಕಾರು ಬಿಟ್ಟು ಇಳಿಯಲಿಲ್ಲ. ಗದಗಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರರಾಗಿದ್ದವರು. ಅವರ ಮನೆಯಲ್ಲಿ ಇರುವೆಗಳೂ ಸಾಲು ತಪ್ಪುವುದಿಲ್ಲ ಎಂದು ಊರವರು ನಗುತ್ತಿದ್ದರು. ಮಂಜುಗಟ್ಟಿದ ಗಾಜನ್ನು ಅಂಗೈಯಿಂದ ಒರೆಸಿ ನೋಡಿದರು. ಹೆಂಡತಿ ನಾಯಿಗೆ ಹಿಮದ ಉಂಡೆ ಎಸೆಯುತ್ತಿದ್ದಳು. ನಾಯಿ ಹಾರಿ ಅವಳನ್ನು ಕೆಡವಿತು. ಅವಳು ಬಿದ್ದಲ್ಲೇ ನಕ್ಕಳು, ಮುಚ್ಚಿದ ಗಾಜಿನೊಳಗೂ ಕೇಳುವಷ್ಟು. ನಲವತ್ತಾರು ವರ್ಷದ ಸಂಸಾರದಲ್ಲಿ ಆ ನಗೆಯನ್ನು ಅವರು ಕೇಳಿರಲಿಲ್ಲ. ಯಾಕೋ ಸಿಟ್ಟು ಬಂತು.

ಮತ್ತೆ ನೋಡಿದಾಗ ಬಂಗಾರೆವ್ವ ಮೊಣಕಾಲೂರಿ ಎರಡೂ ಕೈಯಿಂದ ಹಿಮ ತೋಡುತ್ತಿದ್ದಳು. ಪಕ್ಕದಲ್ಲಿ ಲಾಸ್ಯಾ, ಅವಳ ಪಕ್ಕದಲ್ಲಿ ನಾಯಿ, ಎಲ್ಲರೂ ತೋಡುವವರೇ. ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ ಎಂದುಕೊಂಡು ಅವರು ಕೈಚಾಚಿ ಹಾರ್ನ್ ಒತ್ತಿದರು. ಎರಡನೆಯ ಸಲ ಒತ್ತಿದರು. ಮೂರನೆಯ ಸಲಕ್ಕೆ ಅವಳು ಎದ್ದು ಬಂದಳು.

* * *

"ಹುಡುಕ್ತಾ ಇದ್ವಿ ಅಜ್ಜಾ," ಎಂದಳು ಲಾಸ್ಯಾ. "ಅಜ್ಜಿ ಬಿದ್ದಾಗ ಬಾಕ್ಸ್ ಓಪನ್ ಆಯ್ತು. ಆಮೇಲೆ ನೀವು ಹಾರ್ನ್ ಮಾಡಿದಿರಿ."

ಕೇದಾರ ಫೋನನ್ನು ಜೇಬಿಗಿಳಿಸಿದ.

"ಎಂಥಾ ಕೆಲಸ ಮಾಡ್ಯಾರವ್ವಾ," ಎಂದು ಸಂಗನಬಸಪ್ಪ ನಿಟ್ಟುಸಿರುಬಿಟ್ಟರು. "ಒಂದ ಮಾತ ಹೇಳಿದ್ರ ಮಠದಿಂದ ಹೊಸಾದು ತರಿಸಿ ಕಟ್ಟಸ್ತಿದ್ವಿ. ಕಳದದ್ದಕ್ಕೂ ದಾರಿ ಇರ್ತೈತ್ರಿ."

ಯಾಕೆ ಹೇಳಲಿಲ್ಲ ಎಂಬುದು ಶಿವರುದ್ರಪ್ಪನವರಿಗೆ ಗೊತ್ತಿತ್ತು. ಗೆಳೆಯನ ಮಗ ಹೊಳೆಯಲ್ಲಿ ಈಸುವಾಗ ಲಿಂಗ ಕಳೆದುಕೊಂಡ ಸುದ್ದಿ ಬಂದಾಗ, ಊಟಕ್ಕೆ ಕೂತಲ್ಲಿ, "ಲಿಂಗ ಹೋದಮ್ಯಾಲೆ ಜೀವಾ ಇಟ್ಕೊಂಡು ಏನ್ಮಾಡ್ತಾರ?" ಎಂದವರು ಅವರೇ. ಆಗ ಬಂಗಾರೆವ್ವ ರೊಟ್ಟಿ ಬಡಿಸುತ್ತಿದ್ದಳು. ಹಿಮದ ಮರುದಿನವೇ ಅವಳು ಪೂಜೆಯ ಚಾಪೆಯನ್ನು ಲಾಂಡ್ರಿ ಕೋಣೆಗೆ ಒಯ್ದಳು. "ನಾಯಿ ಮುಟ್ಟಿದ ಮೈಲೆ ನನ್ನ ಬಾಜೂಕ ಕೂಡಬ್ಯಾಡ ಅಂತ ನೀವ ಅಂತಿದ್ರೆಲ್ಲಾ," ಎಂದಿದ್ದಳು. ಅಂತೂ ಬುದ್ಧಿ ಬಂತು ಎಂದು ಅವರು ಸಮಾಧಾನಪಟ್ಟಿದ್ದರು. ಒಂದು ವರ್ಷ, ಎರಡು ಹೊತ್ತು, ಆ ಬಾಗಿಲ ಹಿಂದೆ ಅವಳು ಬರಿಗೈ ಹಿಡಿದು ಕೂತಿದ್ದಳು. ಅವರಿಗೆ ಹೆದರಿ ಹಾಗೆ ಬದುಕಿದ್ದಳು.

ಅವರು ಅಂಗಿಯ ಗುಂಡಿ ಬಿಚ್ಚಿದರು. ತಮ್ಮ ಕರಡಿಗೆ ತೆರೆದು ಲಿಂಗವನ್ನು ಹೊರತೆಗೆದರು.

"ಮಾಸ್ತರ್ರ, ಏನ್ ಮಾಡಾಕತ್ತೀರಿ? ನಿಮ್ದು ಕೊಡೂದು ಶಾಸ್ತ್ರದಾಗಿಲ್ರೀ."

"ಗೊತ್ತೈತಿ," ಎಂದರು ಶಿವರುದ್ರಪ್ಪ. ಹೆಂಡತಿಯ ಎಡ ಅಂಗೈ ತಣ್ಣಗಿತ್ತು. ಲಿಂಗವನ್ನಿಟ್ಟು ಒಂದೊಂದೇ ಬೆರಳು ಮಡಚಿದರು. ಆಮೇಲೆ ತಮ್ಮ ಕರಡಿಗೆಯನ್ನು ತೆಗೆದಿಟ್ಟು, ಅವಳ ಖಾಲಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡರು.

ಮಣ್ಣು ಕೊಟ್ಟು ಮನೆಗೆ ಬಂದಾಗ ನಾಲ್ಕು ದಾಟಿತ್ತು. ಬಂದವರು ಕಾಫಿ ಕುಡಿದು, ಫ್ರೀವೇ ಟ್ರಾಫಿಕ್ಕಿನ ಮಾತಾಡಿ ಹೊರಟುಹೋದರು. ಸಂಜೆ ಪೂಜೆಯ ಹೊತ್ತಿಗೆ ಶಿವರುದ್ರಪ್ಪ ಸ್ನಾನ ಮಾಡಿ, ತಮ್ಮ ಜಾಗಕ್ಕೆ ಹೋಗದೆ, ಲಾಂಡ್ರಿ ಕೋಣೆಯ ಬಾಗಿಲು ತೆರೆದರು. ಡ್ರೈಯರಿನ ಮುಂದೆ ಅವಳ ಚಾಪೆ ಹಾಸಿಯೇ ಇತ್ತು.

ಕೂತರು. ಖಾಲಿ ಕರಡಿಗೆ ತೆರೆದು ಮುಂದಿಟ್ಟುಕೊಂಡು, ಎಡಗೈಯನ್ನು ಎದೆಯ ಮಟ್ಟಕ್ಕೆ ಚಾಚಿ, ಬರಿಯ ಅಂಗೈಯನ್ನು ನೋಡತೊಡಗಿದರು. ನೋಡುವುದಕ್ಕೆ ಗೆರೆಗಳ ಹೊರತು ಏನೂ ಇರಲಿಲ್ಲ.

ನೆಲದ ಮೇಲೆ ಉಗುರಿನ ಸದ್ದಾಯಿತು. ಗುಂಡ್ಯಾ ಒಳಗೆ ಬಂದ. ಅವರು ಗದರಿಸುತ್ತಾರೆಂದು ಕಾಯಲಿಲ್ಲ, ಮೂಸಲಿಲ್ಲ. ನೇರವಾಗಿ ಬಂದು ಎದುರು ಕೂತು, ದಿನವೂ ಆ ಹೊತ್ತಿನಲ್ಲಿ ಮಾಡಿ ರೂಢಿಯಾದವನಂತೆ, ತನ್ನ ಗದ್ದವನ್ನು ಆ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದ. ಭಾರಕ್ಕೆ ಶಿವರುದ್ರಪ್ಪನವರ ಕೈ ತಗ್ಗಿತು. ಅವರು ಬಲಗೈಯನ್ನೂ ಕೆಳಗೆ ಆಸರೆ ಕೊಟ್ಟು ಹಾಗೆಯೇ ಹಿಡಿದು ಕೂತರು.