ಕಾಲುಚೀಲ

"ಬಾಯಿ ಮುಚ್ಚು ಕಾಶತ್ತೆ! ನಮ್ಮವ್ವನಿಗಿನ್ನೂ ಸ್ನಾನ ಆಗಿಲ್ಲ," ಎಂದು ಮಲ್ಲಿಕಾಂಬ ಚೆಂಬನ್ನು ಕುಕ್ಕಿದಳು. ನೀರು ಚೆಲ್ಲಿ ಸೋದರತ್ತೆಯ ಸೀರೆ ನೆನೆಯಿತು. ನೆನೆಯಲಿ.

ಗೋಡೆಗೆ ಒರಗಿಸಿ ಕೂರಿಸಿದ್ದ ಕಲ್ಲಮ್ಮನ ಹೆಣದ ತಲೆಗೂದಲು ಬಿಚ್ಚುತ್ತಲೇ ಕಾಶಮ್ಮ ಹಳೇ ಪುರಾಣವನ್ನೂ ಬಿಚ್ಚಿದ್ದಳು.

"ಸುಳ್ಳೇನೇ? ನಿಮ್ಮವ್ವ ಬಸ್ರೀಲಿ ಗ್ರಹಣದ್ ಹೊತ್ನಲ್ಲಿ ಹೀರೇಕಾಯಿ ಹೆಚ್ಚಿದ್ಲು. ನಿನ್ ಬೆರಳು ಅಂಟ್ಕೊಂಡ್ ಹುಟ್ಟಿದ್ವು, ಬುರುಡೆ ಮೇಲಕ್ಕೆದ್ದಿತ್ತು. ಪಾಪ, ನಮ್ಮಣ್ಣ ಇಂಥೋಳ್ನ ಕಟ್ಕೊಂಡು ಬಾಳ್ದ."

ಹೆಚ್ಚಿದರೆ ಬೆರಳು ಬೇರೆಯಾಗಬೇಕು, ಅಂಟುವುದು ಹೇಗೆ? ಅಜ್ಜಂಪುರದಲ್ಲಿ ಒಬ್ಬರೂ ಕೇಳಲಿಲ್ಲ. ಆವತ್ತಿನಿಂದ ಇಪ್ಪತ್ತೆರಡು ವರ್ಷ ಆ ಮನೆಯ ಈಳಿಗೆಮಣೆ ಕಲ್ಲಮ್ಮನ ಕೈಗೆ ಸಿಗಲಿಲ್ಲ. ಸೊಪ್ಪನ್ನು ಕೈಯಲ್ಲೇ ಮುರಿದು, ಬದನೆಕಾಯಿಯನ್ನು ಇಡಿಯಾಗಿ ಬೇಯಿಸಿ ಸಂಸಾರ ಮಾಡಿದಳು. ದರಿದ್ರದ ಕಬ್ಬಿಣದ ತುಂಡು, ಅದನ್ನು ಮುಟ್ಟಲೂ ಅವಳಿಗೆ ಯೋಗ್ಯತೆ ಇಲ್ಲವಂತೆ!

*

ಎಪ್ಪತ್ತೊಂದನೇ ಇಸವಿಯಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರ ಡಾಕ್ಟರು ಒಂಬತ್ತು ವರ್ಷದ ಮಲ್ಲಿಕಾಂಬಳ ಬೆರಳು ಹಿಡಿದು, ನೆತ್ತಿ ಸವರಿ ನೋಡಿದ್ದರು.

"ಗ್ರಹಣವೂ ಇಲ್ಲ, ಗಿಹಣವೂ ಇಲ್ಲಮ್ಮ. ಇದು ಜೀನ್ ದೋಷ, ಅಪ್ಪನಿಂದಲೋ ಅಮ್ಮನಿಂದಲೋ ಇಳಿದು ಬರೋದು. ಒಬ್ಬರಲ್ಲಿ ಎದ್ದು ಕಾಣತ್ತೆ, ಇನ್ನೊಬ್ಬರಲ್ಲಿ ಎರಡು ಕಾಲ್ಬೆರಳು ಅಂಟಿರತ್ತೆ ಅಷ್ಟೆ. ನಿಮ್ಮಲ್ಲಿ ಯಾರಿಗಾದ್ರೂ ಇದೆಯಾ?"

"ನಮ್ ಕಡೆ ಯಾರಿಗೂ ಇಲ್ಲ ಸಾರ್," ಅವಳಪ್ಪ ಪಂಚಾಕ್ಷರಪ್ಪ ಥಟ್ಟನೆ ಹೇಳಿದ. ಅಂಚೆ ಕಚೇರಿಯ ಗುಮಾಸ್ತ. ಮಠಕ್ಕೆ ಹೋದರೂ ಕಾಲುಚೀಲ ಬಿಚ್ಚದವನು. ಪಾದದ ಚರ್ಮಕ್ಕೆ ಇಸುಬು ಎಂದು ಊರಿಗೆಲ್ಲ ಹೇಳಿಕೊಂಡಿದ್ದ.

ಕಲ್ಲಮ್ಮ ಗಂಡನ ಬೂಟನ್ನೇ ನೋಡುತ್ತ ಕೂತಿದ್ದಳು. ಬಾಗಿಲು ಹಾಕಿಕೊಂಡು ಆ ಪಾದ ತೊಳೆಯುತ್ತಿದ್ದವಳು ಅವಳೇ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಎಲ್ಲವನ್ನೂ ಮಗಳ ಕಿವಿಯಲ್ಲಿ ಹೇಳಿ, ಆಣೆ ಹಾಕಿಸಿಕೊಂಡಳು: "ಮನೆ ಮರ್ಯಾದೆ ಕಣವ್ವ. ನಾನಿರೋ ಗಂಟ ಬಾಯಿ ಬಿಡ್ಬೇಡ."

*

ಅವ್ವ ಈಗಿಲ್ಲ. ಆಣೆಯೂ ತೀರಿತು. ಈ ಅಪವಾದ ಹೊತ್ತುಕೊಂಡು ಅವಳು ಮಣ್ಣಿಗೆ ಹೋಗಕೂಡದು.

ಕಲ್ಲಮ್ಮನನ್ನು ಕುಣಿಯಲ್ಲಿ ಕೂರಿಸಿ ಎಡಗೈಯಲ್ಲಿ ಲಿಂಗ ಇಟ್ಟಾಗಿತ್ತು. "ಯಜಮಾನ್ರು ಬಂದು ಪತ್ರೆ ಹಾಕ್ಲಿ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು. ಪಂಚಾಕ್ಷರಪ್ಪ ಬೂಟು ಬಿಟ್ಟು ಕಾಲುಚೀಲದಲ್ಲೇ ಮುಂದೆ ಬಂದ. ಮಲ್ಲಿಕಾಂಬ ಅಡ್ಡ ನಿಂತಳು.

"ಅದ್ನೂ ಬಿಚ್ಚು ಅಪ್ಪಾಜಿ."

"ಇಸುಬು ಕಣೇ..."

"ನಿನ್ ಇಸುಬ್ನ ಇಪ್ಪತ್ತೆರಡು ವರ್ಷ ನಮ್ಮವ್ವನ ತಲೆಗೆ ಕಟ್ಟಿದ್ಯಲ್ಲ, ಸಾಕು. ಬಿಚ್ಚು. ಇಲ್ದಿದ್ರೆ ಮನೆಗ್ ನಡಿ, ಪತ್ರೆ ನಾನೇ ಹಾಕ್ತೀನಿ."

"ಇಲ್ಲಿ ಬರಿಗಾಲೇ ಸರಿ, ಯಜಮಾನ್ರೇ," ಎಂದರು ಅಯ್ನೋರು.

ಪಂಚಾಕ್ಷರಪ್ಪ ಕಾಲುಚೀಲ ಕಳಚಿದ. ಎರಡೂ ಪಾದಗಳಲ್ಲಿ ಎರಡನೆಯ, ಮೂರನೆಯ ಬೆರಳುಗಳು ಉಗುರಿನವರೆಗೂ ಒಂದೇ ಆಗಿದ್ದವು. ಕುಣಿಯ ಅಂಚಿನ ಹಸಿಮಣ್ಣು ತುಳಿದು ಪತ್ರೆ ಹಾಕಿ, ತಲೆ ತಗ್ಗಿಸಿ ಹಿಂದೆ ಸರಿದ.

"ಅಣ್ಣನ ಜೊತೆ ಬೆಳ್ದೋಳು, ನೀನು ಇದ್ನ ನೋಡಿರ್ಲಿಲ್ವಾ ಕಾಶತ್ತೆ?"

ಕಾಶಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಣ್ಣು ಹಾಕುವ ಸರದಿ ಬಂತು. ಅಂಚಿನಲ್ಲಿ ನಾಲ್ಕೇ ಬೆರಳಿನ ಹೆಜ್ಜೆ ಮೂಡಿತ್ತು. ಕಾಶಮ್ಮ ಬಗ್ಗಿ, ಅಳಿಸಲೆಂದೇ ಆ ಹೆಜ್ಜೆಯ ಮಣ್ಣಿಗೇ ಕೈ ಹಾಕಿದಳು. ಮಲ್ಲಿಕಾಂಬ ಕುಕ್ಕರುಗಾಲಲ್ಲಿ ಕೂತು, ಬೆರಳಂಟಿದ ತನ್ನ ಕೈಯನ್ನು ಆ ಹೆಜ್ಜೆಯ ಪಕ್ಕ ಊರಿದಳು. ಅತ್ತೆ ಕೈ ಹಿಂದೆಗೆದು ಬೇರೆ ಕಡೆಯಿಂದ ಮಣ್ಣು ತೆಗೆದುಕೊಂಡಳು.